ಸಕ್ಕರೆಯ ಆನೆ, ದೀಪದ ಮುಂದಿನ ಮುಖ

ಪಾಕ ಬೆಳ್ಳಗಾಗುವ ಗಳಿಗೆಯನ್ನು ಹತ್ತಿರದಿಂದ ನೋಡಬೇಕು. ಗೌರಿ ಹುಣ್ಣಿಮೆ ಇನ್ನು ಎಂಟು ದಿನ ಇದೆ ಎನ್ನುವಾಗ ಮುಧೋಳ, ಜಮಖಂಡಿ, ಬನಹಟ್ಟಿ ಕಡೆ ಸಕ್ಕರೆ ಆರತಿ ಎಂಬ ಗೊಂಬೆಗಳನ್ನು ಮಾಡುವ ಮನೆಗಳಲ್ಲಿ ಒಲೆ ಆರುವುದಿಲ್ಲ. ಸಕ್ಕರೆಗೆ ನೀರು ಹಾಕಿ ಕುದಿಸುತ್ತಾರೆ. ಮೇಲೆ ಒಂದಿಷ್ಟು ಹಾಲು ಬಿಡುತ್ತಾರೆ. ಹಾಲು ಒಡೆದು, ಸಕ್ಕರೆಯೊಳಗಿನ ಕಸವನ್ನೆಲ್ಲ ಹಿಡಿದುಕೊಂಡು ನೊರೆಯಾಗಿ ಮೇಲೆ ಬರುತ್ತದೆ. ನೊರೆ ತೆಗೆದು, ಪಾಕವನ್ನು ಬಟ್ಟೆಯಲ್ಲಿ ಸೋಸಿದರೆ ಅದು ಬಾವಿ ನೀರಿನಷ್ಟು ತಿಳಿ. ಅದರಲ್ಲೇ ಸ್ವಲ್ಪ ಸ್ವಲ್ಪವನ್ನು ಸಣ್ಣ ಪಾತ್ರೆಗೆ ತೆಗೆದುಕೊಂಡು ಮತ್ತೆ ಕಾಯಿಸುತ್ತಾರೆ. ಎಳೆ ಬರುವ ಹದಕ್ಕೆ ಬಂದ ಕೂಡಲೇ ಕಟ್ಟಿಗೆಯಿಂದ ಪಾತ್ರೆಯ ಬದಿಗೆ ಒತ್ತಿ ಒತ್ತಿ ತಿಕ್ಕುತ್ತಾರೆ.

ಪಾಕ ತಿಕ್ಕುತ್ತಿದ್ದ ಒಬ್ಬ ಹೆಣ್ಣುಮಗಳ ಪಕ್ಕದಲ್ಲಿ ಕುಳಿತು ಕೇಳಿದೆ: “ಎಷ್ಟ ಹೊತ್ತ ತಿಕ್ಕಬೇಕ್ರಿ ಅಕ್ಕಾರ?”

“ಹೊತ್ತ ನೋಡೂದಲ್ರಿ, ಬಣ್ಣ ನೋಡೂದು. ಹಾಲಿನಂಗ ಆತಂದ್ರ ತಡಾ ಮಾಡಬಾರದು, ಅಚ್ಚಿಗೆ ಸುರದಬಿಡಬೇಕು.”

ಅವರು ಹೇಳುತ್ತಿರುವಾಗಲೇ ಪಾತ್ರೆಯ ಬದಿಯಲ್ಲಿ ಮಂಜು ಹಿಡಿದಂತೆ ಒಂದು ಬಿಳಿ ಗೆರೆ ಎದ್ದಿತು. ನೋಡುತ್ತಿದ್ದಂತೆ ಆ ಬಿಳುಪು ಪಾಕದ ತುಂಬ ಹರಡಿತು. ಎರಡು ಹೋಳನ್ನು ಸೇರಿಸಿ ದಾರ ಬಿಗಿದಿಟ್ಟ ಕಟ್ಟಿಗೆಯ ಅಚ್ಚುಗಳು ನೀರಲ್ಲಿ ನೆನೆದು ಸಾಲಾಗಿ ತಲೆಕೆಳಗಾಗಿ ನಿಂತಿದ್ದವು. ಬಿಳಿ ಪಾಕ ಅವುಗಳೊಳಗೆ ಇಳಿಯಿತು. ಕೆಲವೇ ನಿಮಿಷದಲ್ಲಿ ದಾರ ಬಿಚ್ಚಿದರೆ ಒಳಗೊಂದು ಆನೆ. ಇನ್ನೊಂದರಲ್ಲಿ ನವಿಲು, ಮತ್ತೊಂದರಲ್ಲಿ ತೇರು.

ಬಿಳಿ ಎನ್ನುವ ಯಾವ ವಸ್ತುವನ್ನೂ ಅದಕ್ಕೆ ಸೇರಿಸಿರಲಿಲ್ಲ. ಹಾಲಿನದು ನೊರೆಯ ಜೊತೆಗೇ ಹೋಗಿತ್ತು. ತಿಳಿಯಾಗಿದ್ದುದು ಬರೀ ತಿಕ್ಕಿದ್ದರಿಂದ ಬೆಳ್ಳಗಾಯಿತು. ಆ ಬಿಳುಪು ಎಲ್ಲಿಂದ ಬಂತು, ಹುಣ್ಣಿಮೆಯ ರಾತ್ರಿ ನನ್ನ ಕ್ಯಾಮೆರಾಕ್ಕೆ ಅದು ಯಾಕೆ ದಕ್ಕಲಿಲ್ಲ ಎನ್ನುವ ಎರಡು ಪ್ರಶ್ನೆ ಹಿಡಿದು ಈ ಅಧ್ಯಾಯ ಬರೆಯುತ್ತಿದ್ದೇನೆ. ಎರಡಕ್ಕೂ ಉತ್ತರ ಒಂದೇ ಕಡೆಗೆ ಹೋಗುತ್ತದೆ.

ಇದು ಸಕ್ಕರೆಯ ನಾಡು. ಮುಧೋಳ ತಾಲ್ಲೂಕಿನ ತಿಮ್ಮಾಪುರ ಎಂದರೆ ಜನಕ್ಕೆ ಮೊದಲು ನೆನಪಾಗುವುದು ರೈತರ ಸಹಕಾರಿ ಸಕ್ಕರೆ ಕಾರ್ಖಾನೆ. ಆ ಜಾಗವನ್ನು ಮುಧೋಳದ ಕವಿ ರನ್ನನ ಹೆಸರಿನಿಂದ ರನ್ನನಗರ ಎಂದೂ ಕರೆಯುತ್ತಾರೆ. ಅತ್ತ ಸಮೀರವಾಡಿಯಲ್ಲಿ ಇನ್ನೊಂದು ಕಾರ್ಖಾನೆ, ಮಹಾಲಿಂಗಪುರದಲ್ಲಿ ಬೆಲ್ಲದ ಪೇಟೆ. ಕಾರ್ತಿಕ ಮಾಸದ ಈ ಗೌರಿ ಹುಣ್ಣಿಮೆ ಬರುವುದು ಹೆಚ್ಚಾಗಿ ನವೆಂಬರಿನಲ್ಲಿ, ಕಬ್ಬು ನುರಿಸುವ ಹಂಗಾಮು ಶುರುವಾಗುವ ಹೊತ್ತಿಗೆ. ಆಗ ಹೆಣ್ಣುಮಕ್ಕಳು ಹೊಸ ಸೀರೆ ಉಟ್ಟು, ತಟ್ಟೆಯಲ್ಲಿ ಸಕ್ಕರೆ ಆರತಿ ಜೋಡಿಸಿ, ನಡುವೆ ದೀಪ ಹಚ್ಚಿಕೊಂಡು, ಹಾಡುತ್ತ ಗೌರಿಗೆ ಬೆಳಗಲು ಹೋಗುತ್ತಾರೆ. ಮದುವೆ ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯಿಂದ ಸೀರೆ, ಹೂವಿನ ದಂಡಿ, ಸಕ್ಕರೆ ಆರತಿ ಬರುತ್ತವೆ. ಬೆಳ್ಳನೆಯ ಶಿಲ್ಪ, ಇರುಳು, ದೀಪ, ಚಳಿ, ಸೇರಿದ ಜನ: ಉತ್ತರದ ಶೀತ ದೇಶಗಳ ಹಿಮೋತ್ಸವದಲ್ಲಿ ಇರುವುದೆಲ್ಲ ನಮ್ಮಲ್ಲೂ ಇದೆ. ಅಲ್ಲಿ ಮಂಜುಗಡ್ಡೆ, ಇಲ್ಲಿ ಸಕ್ಕರೆ.

ಈ ಹೋಲಿಕೆಯನ್ನು ನನಗೆ ತೋರಿಸಿದ್ದು ಅಕ್ಕನ ಮಗ ಕಳಿಸಿದ ಒಂದು ಫೋಟೊ. ಅವನು ಇರುವುದು ಅಮೆರಿಕದ ಸೇಂಟ್ ಪಾಲ್ ನಗರದಲ್ಲಿ. ಅಲ್ಲಿ ಚಳಿಗಾಲದ ಕಾರ್ನಿವಲ್ ಮೊದಲು ನಡೆದದ್ದು 1886ರಲ್ಲಿ. ಮಂಜುಗಡ್ಡೆಯ ಅರಮನೆಯನ್ನೇ ಕಟ್ಟಿದ್ದರಂತೆ. ಫೋಟೊದಲ್ಲಿ ಅವನ ಹೆಂಡತಿ ಮತ್ತು ಮಗಳು ಮಂಜುಗಡ್ಡೆಯ ಹಂಸದ ಪಕ್ಕ ನಿಂತಿದ್ದರು. ಹಟ್ಟಹಗಲಲ್ಲಿ ತೆಗೆದದ್ದು. ಹಾಗಿದ್ದೂ ಹಿಮ ಬೂದಿಯ ಬಣ್ಣಕ್ಕೆ ತಿರುಗಿತ್ತು, ತಾಯಿ ಮಗಳ ಮುಖ ಕಪ್ಪಿಟ್ಟಿತ್ತು. “ಇಷ್ಟು ಬೆಳಕಿತ್ತು ಮಾಮಾ, ಆದ್ರೂ ಹಿಂಗ್ಯಾಕ ಬಂತು?” ಎಂದು ಕೇಳಿದ್ದ. ಅದೇ ವಾರ ನಾನು ಗೌರಿ ಹುಣ್ಣಿಮೆಯಲ್ಲಿ ತೆಗೆದ ಫೋಟೊಗಳನ್ನು ನೋಡುತ್ತಿದ್ದೆ. ನನ್ನದು ತದ್ವಿರುದ್ಧದ ಕೇಡು: ಆನೆಯ ಜಾಗದಲ್ಲಿ ಕಣ್ಣಿಲ್ಲದ, ಸೊಂಡಿಲಿಲ್ಲದ ಒಂದು ಬಿಳಿ ಮುದ್ದೆ.

ಮೊದಲು ಬಿಳುಪಿನ ಮಾತು. ಸಕ್ಕರೆಯ ಒಂದು ದೊಡ್ಡ ಹರಳನ್ನು, ಕಲ್ಲುಸಕ್ಕರೆಯ ಒಳ್ಳೆಯ ತುಂಡನ್ನು, ಬಿಸಿಲಿಗೆ ಹಿಡಿದು ನೋಡಿ. ಅದು ಬಿಳಿಯಲ್ಲ, ಗಾಜಿನಂತೆ ಪಾರದರ್ಶಕ. ಮಂಜುಗಡ್ಡೆಯೂ ಅಷ್ಟೇ. ಬೆಳಕು ಗಾಳಿಯಿಂದ ಇಂಥ ವಸ್ತುವಿನೊಳಗೆ ಹೋಗುವಾಗ, ಮತ್ತೆ ಹೊರಬರುವಾಗ, ಆ ಗಡಿಯಲ್ಲಿ ಒಂದಿಷ್ಟು ಪಾಲು ಹಿಂದಕ್ಕೆ ಪುಟಿಯುತ್ತದೆ. ಎಷ್ಟು ಪಾಲು ಎನ್ನುವುದನ್ನು ಆ ವಸ್ತುವಿನ ವಕ್ರೀಭವನ ಸೂಚ್ಯಂಕ ನಿರ್ಧರಿಸುತ್ತದೆ. ಗಾಳಿಯದು ಸುಮಾರು 1, ಮಂಜುಗಡ್ಡೆಯದು 1.31, ಸಕ್ಕರೆಯದು ಸುಮಾರು 1.56. ಲೆಕ್ಕ ಹಾಕಿದರೆ ನೇರವಾಗಿ ಬಿದ್ದ ಬೆಳಕಿನಲ್ಲಿ ಮಂಜುಗಡ್ಡೆಯ ಒಂದು ಗಡಿ ಶೇಕಡಾ 2ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ, ಸಕ್ಕರೆಯ ಗಡಿ ಶೇಕಡಾ 5ರಷ್ಟನ್ನು. ಒಂದು ಗಡಿಯಿಂದ ಏನೂ ಆಗುವುದಿಲ್ಲ, ಹರಳು ಪಾರದರ್ಶಕವಾಗಿಯೇ ಕಾಣುತ್ತದೆ. ಅದೇ ಹರಳನ್ನು ಕುಟ್ಟಿ ಸಾವಿರ ಚೂರು ಮಾಡಿ. ಈಗ ಬೆಳಕು ಗಡಿಯ ಮೇಲೆ ಗಡಿ ದಾಟಬೇಕು, ಪ್ರತಿ ಗಡಿಯಲ್ಲಿ ಒಂದಷ್ಟು ಪುಟಿಯಬೇಕು, ಒಂದಷ್ಟು ಓರೆಯಾಗಬೇಕು. ಸಂತೆಯಲ್ಲಿ ತಪ್ಪಿಸಿಕೊಂಡ ಮಗುವಿನಂತೆ ಅದು ಅತ್ತಿತ್ತ ಅಲೆದು ಕೊನೆಗೆ ಬಂದ ಕಡೆಗೇ ಹೊರಬೀಳುತ್ತದೆ. ಸಕ್ಕರೆ ಯಾವ ಬಣ್ಣವನ್ನೂ ನುಂಗದ ಕಾರಣ ಎಲ್ಲ ಬಣ್ಣಗಳೂ ಸಮನಾಗಿ ಹೊರಬರುತ್ತವೆ. ಅದನ್ನೇ ನಾವು ಬಿಳಿ ಎನ್ನುತ್ತೇವೆ.

ಒಲೆಯ ಮುಂದೆ ಆದದ್ದು ಇದೇ. ಕಾದ ಪಾಕ ತಣಿಯತೊಡಗಿದಾಗ ಅದರಲ್ಲಿ ನೀರು ಹಿಡಿದಿಟ್ಟುಕೊಳ್ಳಬಲ್ಲುದಕ್ಕಿಂತ ಹೆಚ್ಚು ಸಕ್ಕರೆ ಇರುತ್ತದೆ. ಹರಳಾಗಲು ಅದು ಕಾದಿರುತ್ತದೆ, ಆದರೆ ಮೊದಲ ಹರಳು ಎಲ್ಲಿಂದಲಾದರೂ ಶುರುವಾಗಬೇಕು. ಕಟ್ಟಿಗೆಯಿಂದ ತಿಕ್ಕಿದಾಗ ಲಕ್ಷಾಂತರ ಕಡೆ ಒಟ್ಟಿಗೇ ಶುರುವಾಗುತ್ತದೆ. ಎಲ್ಲೆಡೆ ಹುಟ್ಟಿದ್ದರಿಂದ ಯಾವ ಹರಳಿಗೂ ದೊಡ್ಡದಾಗಿ ಬೆಳೆಯಲು ಸಕ್ಕರೆ ಸಾಲುವುದಿಲ್ಲ. ಹರಳು ಸಣ್ಣದಾದಷ್ಟೂ ಗಡಿಗಳು ಹೆಚ್ಚು, ಬಿಳುಪು ಹೆಚ್ಚು. ಅಚ್ಚಿನಿಂದ ತೆಗೆದ ಗೊಂಬೆ ಒಣಗುತ್ತ ಬಂದಂತೆ ನೀರು ಬಿಟ್ಟುಹೋದ ಸಂದುಗಳಿಗೆ ಗಾಳಿ ಸೇರಿ ಇನ್ನೂ ಬೆಳ್ಳಗಾಗುತ್ತದೆ. ತಿಕ್ಕುವುದನ್ನು ಬಿಟ್ಟು ಅದೇ ಪಾಕವನ್ನು ಇನ್ನೂ ಕಾಯಿಸಿ ಥಟ್ಟನೆ ತಣಿಸಿದರೆ ಹರಳೇ ಆಗದೆ ಗಾಜಿನಂಥ ಪೆಪ್ಪರಮಿಂಟಾಗುತ್ತದೆ. ಕಾರ್ಖಾನೆಯಲ್ಲಿ ಮಾಡುವುದು ಇದರ ಇನ್ನೊಂದು ರೀತಿ. ಅಲ್ಲಿ ನಿರ್ವಾತ ಪ್ಯಾನಿನೊಳಗೆ ಲೆಕ್ಕ ಹಾಕಿ ಬೀಜ ಹಾಕುತ್ತಾರೆ, ಬೀಜದ ಹರಳುಗಳನ್ನಷ್ಟೇ ಬೆಳೆಸುತ್ತಾರೆ. ಚೀಲದ ಮೇಲೆ ಎಸ್-30, ಎಮ್-30 ಎಂದು ಬರೆದಿರುತ್ತದಲ್ಲ, ಅದರಲ್ಲಿ ಅಕ್ಷರ ಹರಳಿನ ಗಾತ್ರಕ್ಕೆ, ಅಂಕಿ ಬಣ್ಣಕ್ಕೆ. ಬೆಲ್ಲದಲ್ಲೂ ಇರುವುದು ಅದೇ ಸಕ್ಕರೆಯ ಹರಳು. ಕಾಕಂಬಿಯ ಅಂಶ ಹರಳುಗಳ ಸುತ್ತ ಉಳಿದಿರುವುದರಿಂದ, ಒಳಗೆ ಅಲೆಯುವ ಬೆಳಕು ದಾರಿಯುದ್ದಕ್ಕೂ ನೀಲಿಯನ್ನು ಕಳೆದುಕೊಂಡು ಕಂದಾಗಿ ಹೊರಬರುತ್ತದೆ.

ನಮ್ಮ ಊರಿನ ಮಕ್ಕಳು ಮಂಜುಗಡ್ಡೆಯ ಬಿಳುಪನ್ನು ನೋಡುವುದು ಬೇಸಿಗೆಯ ಅಡ್ಡಮಳೆಯಲ್ಲಿ. ಬಿದ್ದ ಆಣೆಕಲ್ಲನ್ನು ಆಯ್ದು ಬಾಯಿಗೆ ಹಾಕಿಕೊಳ್ಳುವ ಮುನ್ನ ಒಂದನ್ನು ನಡುವೆ ಒಡೆದು ನೋಡಲಿ. ಉಳ್ಳಾಗಡ್ಡಿಯಂತೆ ಪದರ ಪದರ: ಒಂದು ತಿಳಿ, ಒಂದು ಹಾಲುಬಿಳಿ. ಮೋಡದೊಳಗೆ ನೀರಹನಿಗಳು ಕಲ್ಲಿಗೆ ತಾಗಿದ ಕೂಡಲೇ ಹೆಪ್ಪುಗಟ್ಟಿದರೆ ಗಾಳಿ ಒಳಗೇ ಸಿಕ್ಕಿಕೊಂಡು ಪದರ ಬಿಳಿಯಾಗುತ್ತದೆ. ನಿಧಾನವಾಗಿ, ನೀರು ಹರಡಿಕೊಂಡು ಹೆಪ್ಪುಗಟ್ಟಿದರೆ ಗಾಳಿಯ ಗುಳ್ಳೆ ತಪ್ಪಿಸಿಕೊಂಡು ಪದರ ತಿಳಿಯಾಗುತ್ತದೆ. ಫ್ರಿಜ್ಜಿನ ಮಂಜುಗಡ್ಡೆಯ ನಡುವೆ ಬಿಳಿ ಮೋಡ ಕಾಣುವುದೂ ಇದೇ ಕಾರಣಕ್ಕೆ. ಸುತ್ತಲಿಂದ ಹೆಪ್ಪುಗಟ್ಟುತ್ತ ಬಂದ ನೀರು ಗಾಳಿಯನ್ನು ನಡುವಿಗೆ ದೂಡಿ ಅಲ್ಲೇ ಕೂಡಿಹಾಕಿರುತ್ತದೆ. ಚೀನಾದ ಹಾರ್ಬಿನ್ ಉತ್ಸವಕ್ಕೆ ಸೊಂಗ್‌ಹುವಾ ನದಿಯಿಂದ ಗಡ್ಡೆ ಕೊಯ್ದು ತರುತ್ತಾರೆ. ನದಿ ಮೇಲಿನಿಂದ ಕೆಳಕ್ಕೆ ಹೆಪ್ಪುಗಟ್ಟುವಾಗ ಗಾಳಿ ಕೆಳಗಿನ ನೀರಿನಲ್ಲೇ ಉಳಿಯುವುದರಿಂದ ಆ ಗಡ್ಡೆ ಬಹಳ ತಿಳಿ. 1963ರಲ್ಲಿ ಅಲ್ಲಿ ಮೊದಲು ಮಾಡಿದ್ದು ಮಂಜುಗಡ್ಡೆಯ ಲಾಂದ್ರಗಳ ಉತ್ಸವವನ್ನು. ತಿಳಿಗಡ್ಡೆಯೊಳಗೆ ದೀಪ ಇಡುವುದು ಆ ಊರಿನ ಹಳೆಯ ಕಲೆ. ಜಪಾನಿನ ಸಪ್ಪೊರೊದಲ್ಲಿ 1950ರಲ್ಲಿ ಶಾಲೆಯ ಮಕ್ಕಳು ಉದ್ಯಾನವನದಲ್ಲಿ ಆರು ಶಿಲ್ಪ ಮಾಡಿದರು, ಅದೇ ಬೆಳೆದು ದೊಡ್ಡ ಉತ್ಸವವಾಯಿತು. ಅಲ್ಲಿ ಮುಖ್ಯವಾಗಿ ಬಳಸುವುದು ಹಿಮ, ಅಂದರೆ ನಮ್ಮ ಸಕ್ಕರೆಯ ಹಾಗೆ ಗಡಿಗಳಿಂದಲೇ ತುಂಬಿದ ಬಿಳಿ.

ಹಿಮದ ಒಂದೊಂದು ಹರಳು ಬಿಳಿಯಲ್ಲ ಎನ್ನುವುದನ್ನು ಕ್ಯಾಮೆರಾದಿಂದ ಕಂಡವನು ಅಮೆರಿಕದ ವರ್ಮಾಂಟಿನ ಒಬ್ಬ ರೈತ, ವಿಲ್ಸನ್ ಬೆಂಟ್ಲಿ. 1885ರ ಜನವರಿ 15ರಂದು ಅವನು ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಹಿಮಹರಳಿನ ಚಿತ್ರ ತೆಗೆದ. ಮುಂದೆ 5,000ಕ್ಕೂ ಹೆಚ್ಚು ತೆಗೆದ. ಆ ಚಿತ್ರಗಳಲ್ಲಿ ಹರಳು ಎದ್ದು ಕಾಣಲಿ ಎಂದು ಅವನು ನೆಗೆಟಿವ್‌ನ ಮೇಲೆ ಹರಳಿನ ಅಂಚಿನ ಸುತ್ತಲ ಲೇಪವನ್ನು ಕೈಯಿಂದ ಕೆರೆದು ತೆಗೆಯುತ್ತಿದ್ದ, ಅಚ್ಚಿನಲ್ಲಿ ಹಿನ್ನೆಲೆ ಕಪ್ಪಾಗುತ್ತಿತ್ತು. ಬಿಳಿಗೆ ಆಕಾರ ಬರಬೇಕಾದರೆ ಪಕ್ಕದಲ್ಲಿ ಕಪ್ಪು ಇರಬೇಕು ಎಂದು ಆ ರೈತನಿಗೆ ಅನುಭವದಿಂದಲೇ ಗೊತ್ತಾಗಿತ್ತು. ಜಪಾನಿನ ನಕಾಯಾ ಉಕಿಚಿರೊ 1936ರಲ್ಲಿ ಪ್ರಯೋಗಾಲಯದಲ್ಲೇ ಹಿಮಹರಳನ್ನು ಬೆಳೆಸಿದ. ಹರಳು ಹುಟ್ಟಲು ಅವನು ಒಡ್ಡಿದ್ದು ಮೊಲದ ಒಂದು ಕೂದಲನ್ನು. ಕಲ್ಲುಸಕ್ಕರೆ ದಾರದ ಮೇಲೆ ಬೆಳೆಯುವುದನ್ನು ನೋಡಿದವರಿಗೆ ಇದು ಹೊಸದೇನಲ್ಲ.

ಈಗ ಅಕ್ಕನ ಮಗನ ಪ್ರಶ್ನೆಗೆ ಬರೋಣ. ಕ್ಯಾಮೆರಾದ ಬೆಳಕುಮಾಪಕ ಎದುರಿಗೆ ಇರುವುದು ಹಿಮವೋ, ಕರಿಕಲ್ಲೋ ಎಂದು ಅರಿಯದು. ಎಷ್ಟು ಬೆಳಕು ಬರುತ್ತಿದೆ ಎಂದಷ್ಟೇ ಅಳೆಯುತ್ತದೆ. ಹಾಗಾಗಿ ಅದಕ್ಕೆ ಒಂದು ನಂಬಿಕೆಯನ್ನು ಕಲಿಸಿರುತ್ತಾರೆ: ಲೋಕದ ಯಾವ ನೋಟವನ್ನು ತೆಗೆದುಕೊಂಡರೂ ಸರಾಸರಿಯಲ್ಲಿ ಅದು ನಡುಬೂದು. ಬಿದ್ದ ಬೆಳಕಿನಲ್ಲಿ ಶೇಕಡಾ 18ರಷ್ಟನ್ನು ಮರಳಿಸುವ ಬೂದು ಹಲಗೆಯೇ ಛಾಯಾಗ್ರಾಹಕರ ಹಳೆಯ ಅಳತೆಗೋಲು. ಹೊಲ, ಗಿಡ, ರಸ್ತೆ, ಮನೆ ಇರುವ ನೋಟಕ್ಕೆ ಈ ನಂಬಿಕೆ ನಡೆಯುತ್ತದೆ. ಹೊಸ ಹಿಮ ಮಾತ್ರ ಶೇಕಡಾ 80ರಿಂದ 90ರಷ್ಟು ಬೆಳಕನ್ನು ಮರಳಿಸುತ್ತದೆ. ಕ್ಯಾಮೆರಾ ಅದನ್ನು ವಿಪರೀತ ಬೆಳಕು ಎಂದು ತಿಳಿದು, 90 ಇದ್ದುದನ್ನು 18ಕ್ಕೆ ಇಳಿಸುತ್ತದೆ, ಅಂದರೆ ಐದನೆಯ ಒಂದು ಪಾಲಿಗೆ. ಹಿಮ ಬೂದಾಯಿತು. ಅದರ ಪಕ್ಕದ ಮುಖಕ್ಕೂ ಸಿಕ್ಕಿದ್ದು ಐದನೆಯ ಒಂದು ಪಾಲು ಬೆಳಕೇ. ಗೋದಿಬಣ್ಣದ ಮುಖ ಕಪ್ಪಿಟ್ಟಿತು. ಹಾಗಾಗಿ ಹಿಮದಲ್ಲಿ ಫೋಟೊ ತೆಗೆಯುವವರು ಎಕ್ಸ್‌ಪೋಶರ್ ಅನ್ನು, ಅಂದರೆ ಒಳಗೆ ಬಿಡುವ ಬೆಳಕನ್ನು, ಒಂದರಿಂದ ಎರಡು ಸ್ಟಾಪಿನಷ್ಟು ಏರಿಸುತ್ತಾರೆ. ಒಂದು ಸ್ಟಾಪ್ ಏರಿಸುವುದೆಂದರೆ ಬೆಳಕನ್ನು ಎರಡು ಪಟ್ಟು ಮಾಡುವುದು. ಬಿಳಿ ಕಂಡರೆ ಬೆಳಕು ಕಡಿಮೆ ಮಾಡಬೇಕು ಅನ್ನಿಸುವುದು ಸಹಜ, ಮಾಡಬೇಕಾದದ್ದು ಅದಕ್ಕೆ ವಿರುದ್ಧ.

ನನ್ನ ಕೇಡಿಗೂ ಕಾರಣ ಆ ನಂಬಿಕೆಯೇ. ರಾತ್ರಿಯ ಅಂಗಳದಲ್ಲಿ ಚೌಕಟ್ಟಿನ ಮುಕ್ಕಾಲು ಪಾಲು ಕತ್ತಲೆ. ಕತ್ತಲೆಯನ್ನೂ ನಡುಬೂದು ಮಾಡಲು ಹೋಗಿ ಕ್ಯಾಮೆರಾ ಎಕ್ಸ್‌ಪೋಶರ್ ಏರಿಸಿತು, ದೀಪದ ಬಳಿಯ ಸಕ್ಕರೆ ಉಕ್ಕಿಹೋಯಿತು. ಉಕ್ಕುವುದು ಎಂದು ಸುಮ್ಮನೆ ಹೇಳುತ್ತಿಲ್ಲ. ಕ್ಯಾಮೆರಾದ ಪಿಕ್ಸೆಲ್ ಒಂದೊಂದೂ ಒಂದು ಕೊಡ. ಬಿದ್ದ ಬೆಳಕು ಅದರೊಳಗೆ ಎಲೆಕ್ಟ್ರಾನುಗಳಾಗಿ ತುಂಬುತ್ತದೆ. ಕೊಡ ತುಂಬಿದ ಮೇಲೆ ಎಷ್ಟು ಸುರಿದರೂ ಲೆಕ್ಕಕ್ಕೆ ಸಿಗುವುದಿಲ್ಲ. ಆನೆಯ ಕಿವಿಗೆ ಬಿದ್ದದ್ದೂ ತುಂಬಿದ ಕೊಡ, ಕಿವಿಯ ಹಿಂದಿನ ಮಡಿಕೆಗೆ ಬಿದ್ದದ್ದೂ ತುಂಬಿದ ಕೊಡ. ಎರಡರ ನಡುವೆ ವ್ಯತ್ಯಾಸವೇ ಉಳಿಯದೆ ಆನೆ ಮುದ್ದೆಯಾಯಿತು. ಇದನ್ನು ಆಮೇಲೆ ಯಾವ ಸಾಫ್ಟ್‌ವೇರಿನಿಂದಲೂ ತಿದ್ದಲಾಗದು. ಬರೆದೇ ಇಲ್ಲದ ಅಕ್ಷರವನ್ನು ಓದಲು ಹೇಗಾದೀತು?

ಹಾಗಿದ್ದರೆ ಬೆಳಕು ಇಳಿಸಿ ಆನೆಯನ್ನು ಉಳಿಸಿಕೊಳ್ಳೋಣ ಎಂದರೆ ಮುಖ ಹೋಗುತ್ತದೆ. ಇಲ್ಲಿ ಬೆಳಕಿನ ಇನ್ನೊಂದು ಗುಣ ಅಡ್ಡ ಬರುತ್ತದೆ. ಬೆಳಕು ಹನಿಹನಿಯಾಗಿ, ಫೋಟಾನುಗಳಾಗಿ, ಮಳೆಹನಿಯಂತೆ ಹೊತ್ತುಗೊತ್ತಿಲ್ಲದೆ ಬೀಳುತ್ತದೆ. ಪಕ್ಕಪಕ್ಕದ ಎರಡು ಪಿಕ್ಸೆಲ್‌ಗೆ ಒಂದೇ ಸಮ ಬೆಳಕು ಬಂದರೂ ಎಣಿಕೆಯಲ್ಲಿ ಹೆಚ್ಚುಕಡಿಮೆ ಆಗುತ್ತದೆ. ಆ ಹೆಚ್ಚುಕಡಿಮೆ ಎಣಿಕೆಯ ವರ್ಗಮೂಲದಷ್ಟು. 10,000 ಫೋಟಾನು ಸಿಕ್ಕರೆ ಏರಿಳಿತ 100, ಅಂದರೆ ಶೇಕಡಾ 1. ಬರೀ 100 ಸಿಕ್ಕರೆ ಏರಿಳಿತ 10, ಶೇಕಡಾ 10. ಕಡಿಮೆ ಬೆಳಕು ಬಿದ್ದ ಕೆನ್ನೆಯ ಮೇಲೆ ಮರಳು ಎರಚಿದಂತೆ ಕಾಣುವುದು ಇದರಿಂದ. ಕಪ್ಪು ಮೈಬಣ್ಣದ ಮುಖ ಮರಳಿಸುವ ಬೆಳಕು ಮೊದಲೇ ಕಡಿಮೆ. ಅದರ ಪಾಲಿನ ಬೆಳಕನ್ನು ಬಿಳಿಗಾಗಿ ಕಸಿದರೆ ಉಳಿಯುವುದು ಮರಳು ಮಾತ್ರ.

ಇದು ನನಗೆ ಬರೀ ಲೆಕ್ಕದ ವಿಷಯವಲ್ಲ. ನನ್ನ ತಂಗಿಯ ನಿಶ್ಚಯವಾದ ವರ್ಷ, ಅವಳ ಮುಂದೆ ಸಕ್ಕರೆ ಆರತಿ ಇಟ್ಟು ತೆಗೆಸಿದ ಫೋಟೊವನ್ನು ಒಂದು ಸ್ಟುಡಿಯೊದವರು ಅಚ್ಚು ಹಾಕಿಕೊಟ್ಟರು. ಆರತಿ ಚೆನ್ನಾಗಿ ಬಂದಿತ್ತು. ತಂಗಿಯ ಮುಖವನ್ನು ತಿದ್ದಿ ತಿದ್ದಿ ಬೆಳ್ಳಗೆ ಮಾಡಿದ್ದರು, ಅವಳ ಕೆನ್ನೆಯ ಮೇಲಿನ ಸಿಡುಬಿನ ಸಣ್ಣ ಗುರುತೂ ಇರಲಿಲ್ಲ. ಅವ್ವ ಅದನ್ನು ನೋಡಿ, “ಇದು ನಮ್ಮ ಹುಡಿಗಿ ಅಲ್ಲ” ಎಂದಳು. ತಂಗಿ ಏನೂ ಹೇಳಲಿಲ್ಲ. ಆ ಫೋಟೊ ಇವತ್ತಿಗೂ ಗೋಡೆ ಏರಿಲ್ಲ. ಕಪ್ಪು ಮುಖಕ್ಕೆ ಬೆಳಕು ಕೊಡುವುದು ಒಂದು ಕೆಲಸ, ಅದನ್ನು ಬಿಳಿ ಮಾಡುವುದು ಬೇರೆಯೇ ಕೆಲಸ. ಎರಡನೆಯದನ್ನು ಮಾಡುವವರು ಮೊದಲನೆಯದನ್ನು ಮಾಡದೆ ಬಿಟ್ಟಿರುತ್ತಾರೆ.

ಆ ಅನ್ಯಾಯಕ್ಕೆ ಫಿಲ್ಮಿನ ಕಾಲದ ಬೇರೂ ಇದೆ. ಬಣ್ಣದ ಫಿಲ್ಮನ್ನು ತೊಳೆದು ಅಚ್ಚು ಹಾಕುವ ಲ್ಯಾಬುಗಳಿಗೆ ಕೊಡಾಕ್ ಕಂಪನಿ ಒಂದು ಅಳತೆಯ ಚಿತ್ರ ಕಳಿಸುತ್ತಿತ್ತು. ಅದರಲ್ಲಿದ್ದವಳು ಬಿಳಿಮೈಯ ಒಬ್ಬ ಹೆಣ್ಣುಮಗಳು, ಚಿತ್ರಕ್ಕೆ ‘ಶರ್ಲಿ ಕಾರ್ಡ್’ ಎಂದೇ ಹೆಸರಾಯಿತು. ಅವಳ ಚರ್ಮ ಸರಿಯಾಗಿ ಬಂದರೆ ಅಚ್ಚು ಸರಿ ಎಂದು ಲೆಕ್ಕ. ಕಂದು ಬಣ್ಣಗಳ ನಡುವಿನ ಸೂಕ್ಷ್ಮ ವ್ಯತ್ಯಾಸಗಳನ್ನು ಆ ಕಾಲದ ಫಿಲ್ಮು ಹಿಡಿಯುತ್ತಿರಲಿಲ್ಲ. ಕೆನಡಾದ ಸಂಶೋಧಕಿ ಲೋರ್ನಾ ರಾತ್ ಕೊಡಾಕಿನಲ್ಲಿ ಕೆಲಸ ಮಾಡಿದವರನ್ನು ಮಾತಾಡಿಸಿ ಕಂಡುಕೊಂಡದ್ದು ಇದು: ಕಂದು ಬಣ್ಣ ಸರಿಯಾಗಿ ಬರಬೇಕೆಂದು ಕಂಪನಿಯ ಮೇಲೆ ಒತ್ತಡ ತಂದವರು ಚಾಕೊಲೇಟ್ ಮತ್ತು ಕಟ್ಟಿಗೆಯ ಪೀಠೋಪಕರಣ ಮಾರುವವರು. ಕಂದು ಮುಖಗಳಿಗಿಂತ ಮೊದಲು ಚಾಕೊಲೇಟಿನ ದೂರು ಕೇಳಿಸಿತು ಎನ್ನುವುದನ್ನು ಬೆಲ್ಲದ ನಾಡಿನಲ್ಲಿ ಕುಳಿತು ಓದಿದಾಗ ನನಗೆ ಸಂಕಟವಾಯಿತು.

ದಾರಿ ಏನು? ಮೊದಲ ದಾರಿ ಅಂಗೈಯಲ್ಲಿದೆ. ಮೈಬಣ್ಣ ಏನೇ ಇರಲಿ, ಅಂಗೈಯ ಬಣ್ಣ ಜನರಿಂದ ಜನರಿಗೆ ಅಷ್ಟು ಬದಲಾಗುವುದಿಲ್ಲ, ಬೂದು ಹಲಗೆಗಿಂತ ಸುಮಾರು ಒಂದು ಸ್ಟಾಪ್ ಹೆಚ್ಚು ಬೆಳಕನ್ನು ಅದು ಮರಳಿಸುತ್ತದೆ. ಆರತಿ ಹಿಡಿದವಳ ಮುಖಕ್ಕೆ ಬೀಳುವ ಬೆಳಕಿನಲ್ಲೇ ನಿಮ್ಮ ಅಂಗೈ ಚಾಚಿ, ಅದರ ಮೇಲೆ ಬೆಳಕು ಅಳೆದು, ಒಂದು ಸ್ಟಾಪ್ ಏರಿಸಿ. ಸಕ್ಕರೆಯೂ ಕತ್ತಲೆಯೂ ನಿಮ್ಮ ಅಳತೆಯನ್ನು ಕೆಡಿಸಲಾರವು. ಮೊಬೈಲಾದರೆ ಪರದೆಯ ಮೇಲೆ ಮುಖವನ್ನು ಒತ್ತಿ ಹಿಡಿದರೆ ಅದು ಅಲ್ಲಿಗೇ ಅಳತೆ ಕಟ್ಟುತ್ತದೆ. ಈಗಿನ ಮೊಬೈಲುಗಳು ಒಂದೇ ಗುಂಡಿಗೆ ಹಲವು ಚಿತ್ರ ತೆಗೆದು, ಬೆಳಕಿನ ಭಾಗವನ್ನು ಒಂದರಿಂದ, ಕತ್ತಲೆಯ ಭಾಗವನ್ನು ಇನ್ನೊಂದರಿಂದ ತೆಗೆದುಕೊಂಡು ಹೊಲಿಯುತ್ತವೆ. ಒಳ್ಳೆಯದೇ, ಆದರೆ ಬೆಳಗುವ ಕೈ ಅಲುಗುತ್ತಿರುತ್ತದೆ. ಹಾಡಿನ ಒಂದು ಸೊಲ್ಲು ಮುಗಿದು ಇನ್ನೊಂದನ್ನು ಎತ್ತಿಕೊಳ್ಳುವ ನಡುವೆ ಕೈ ಒಂದು ಗಳಿಗೆ ತಡೆಯುತ್ತದೆ. ಆ ಗಳಿಗೆಗೆ ಕಾಯಬೇಕು.

ಎರಡನೆಯ ದಾರಿ ತಟ್ಟೆಯಲ್ಲೇ ಇದೆ, ನನಗದು ಕಂಡದ್ದು ಎರಡು ವರ್ಷ ಕೆಟ್ಟ ಫೋಟೊ ತೆಗೆದ ಮೇಲೆ. ದೀಪದಿಂದ ಸಕ್ಕರೆಯ ಆನೆ 10 ಸೆಂಟಿಮೀಟರ್ ದೂರ, ಮುಖ 50 ಸೆಂಟಿಮೀಟರ್ ದೂರ ಇದೆ ಎಂದುಕೊಳ್ಳಿ. ದೂರ ಐದು ಪಟ್ಟಾದರೆ ಬೆಳಕು ಇಪ್ಪತ್ತೈದನೆಯ ಒಂದು ಪಾಲಿಗೆ ಇಳಿಯುತ್ತದೆ. ಅದರ ಮೇಲೆ ಸಕ್ಕರೆ ಶೇಕಡಾ 90 ಮರಳಿಸಿ ಮುಖ 15 ಮರಳಿಸಿದರೆ ಇನ್ನೂ ಆರು ಪಟ್ಟು ಅಂತರ. ಒಟ್ಟು 150 ಪಟ್ಟು. ತಟ್ಟೆಯನ್ನು ಎತ್ತಿ ಮುಖದಿಂದ 25 ಸೆಂಟಿಮೀಟರಿಗೆ ತಂದರೆ ಅಂತರ 40 ಪಟ್ಟಿಗಿಂತ ಕೆಳಗಿಳಿಯುತ್ತದೆ. ತಟ್ಟೆ ಗೌರಿಯ ಮುಖದೆತ್ತರಕ್ಕೆ ಏರಿದಾಗ ಹುಡುಗಿಯ ಮುಖಕ್ಕೂ ಹತ್ತಿರವಾಗುತ್ತದೆ. ಇನ್ನೂ ದೊಡ್ಡ ಸಹಾಯ ಸಕ್ಕರೆಯದೇ. ದೀಪದ ಸುತ್ತ ನಿಂತ ಆನೆ, ಒಂಟೆ, ನವಿಲುಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ನುಂಗದೆ ನಾಲ್ಕೂ ಕಡೆ ಚೆಲ್ಲುತ್ತವೆ. ಒಂದು ಸಣ್ಣ ಉರಿ, ಅಂಗೈಯಗಲದ ಬಿಳಿಯ ಮೇಲೆ ಹರಡಿ, ಅಗಲವಾದ ಮೆತ್ತನೆಯ ಬೆಳಕಾಗಿ ಗಲ್ಲದ ಕೆಳಗಿನಿಂದ ಮುಖಕ್ಕೆ ಏರುತ್ತದೆ. ಕಣ್ಣಿನ ಗುಳಿಯ ನೆರಳು ಕರಗುತ್ತದೆ, ಮೂಗುತಿ ಮಿಂಚುತ್ತದೆ. ಸ್ಟುಡಿಯೊದವರು ಬಿಳಿ ಹಲಗೆ ಹಿಡಿದು ಮಾಡುವುದು ಇದನ್ನೇ. ಹಿಮೋತ್ಸವದಲ್ಲೂ ನೆಲದ ಹಿಮ ಹೀಗೆ ಕೆಳಗಿನಿಂದ ಮುಖ ಬೆಳಗುತ್ತದೆ. ಮಾಪಕವನ್ನು ದಾರಿ ತಪ್ಪಿಸಿದ ಬಿಳಿಯೇ ಮುಖಕ್ಕೆ ಬೆಳಕನ್ನು ಹೊತ್ತು ತರುವುದು. ಸಕ್ಕರೆ ಆರತಿಯನ್ನು ಯಾರು, ಯಾವಾಗ ಕಂಡುಹಿಡಿದರೋ, ಇಷ್ಟು ತಿಳಿದ ಕೈಯೇ ಅದನ್ನು ಮಾಡಿರಬೇಕು ಅನ್ನಿಸುತ್ತದೆ ನನಗೆ.

ಇದನ್ನು ಕೆಡಿಸಲು ಒಂದು ಫ್ಲ್ಯಾಶ್ ಸಾಕು. ಎದುರಿನಿಂದ ಹೊಡೆದ ಬೆಳಕು ಶಿಲ್ಪದ ನೆರಳುಗಳನ್ನೆಲ್ಲ ಅಳಿಸುತ್ತದೆ, ಬಿಳಿಗೆ ಆಕಾರ ಕೊಡುವುದು ಆ ನೆರಳೇ. ಬೆಂಟ್ಲಿ ಕಪ್ಪು ಹಿನ್ನೆಲೆಗಾಗಿ ಪಟ್ಟ ಪಾಡು ನೆನಪಿರಲಿ. ದೀಪ ಆನೆಯ ಹಿಂದೆಯೋ ಪಕ್ಕದಲ್ಲೋ ಇರಲಿ. ಆಗ ತೆಳ್ಳಗಿನ ಸೊಂಡಿಲು, ಕಿವಿಯ ಅಂಚು ಒಳಗಿನಿಂದ ಉರಿದಂತೆ ಹೊಳೆಯುತ್ತವೆ. ಅಲ್ಲಿ ಅಲೆಯುವ ಬೆಳಕಿಗೆ ಆ ಬದಿಗೂ ದಾಟಲು ದಾರಿ ಸಿಗುತ್ತದೆ. ದಪ್ಪ ಹೊಟ್ಟೆಯಲ್ಲಿ ಸಿಗದು, ಅದು ಮಬ್ಬಾಗಿ ಉಳಿಯುತ್ತದೆ. ಹಳ್ಳಿಯ ದಾರಿದೀಪದ ಬಿಳಿ ಎಲ್‌ಇಡಿ ಬೆಳಕು, ಎಣ್ಣೆದೀಪದ ಹಳದಿ ಬೆಳಕು ಬೆರೆತಾಗ ಕ್ಯಾಮೆರಾ ಯಾವುದನ್ನು ಬಿಳಿ ಎನ್ನಬೇಕೆಂದು ತಡವರಿಸುತ್ತದೆ. ಎಣ್ಣೆದೀಪದ ಬಣ್ಣ ಸುಮಾರು 1,900 ಕೆಲ್ವಿನ್, ಎಲ್‌ಇಡಿಯದು 6,500ರವರೆಗೂ ಇರುತ್ತದೆ. ನಾನಂತೂ ದೀಪದ ಹಳದಿಯನ್ನು ಪೂರ್ತಿ ತೆಗೆಯುವುದಿಲ್ಲ. ಅರಿಶಿನದ ಆ ಛಾಯೆ ಮುಖದ ಮೇಲೆ ಇರಬೇಕು. ಕ್ಯಾಮೆರಾ ಎತ್ತುವ ಮುನ್ನ ಆ ಹುಡುಗಿಯನ್ನೂ ಅವಳ ತಾಯಿಯನ್ನೂ ಒಂದು ಮಾತು ಕೇಳಬೇಕು, ಅವರು ಬೇಡ ಎಂದರೆ ಸಕ್ಕರೆಯ ಆನೆಯಷ್ಟೇ ಸಾಕು.

ಮಂಜುಗಡ್ಡೆಯ ಶಿಲ್ಪದಲ್ಲಿ ಬೆಳಕು ಬಹಳ ದೂರ ಸಾಗಿದರೆ ಇನ್ನೊಂದು ಬಣ್ಣ ಕಾಣುತ್ತದೆ. ಮಂಜುಗಡ್ಡೆ ಕೆಂಪನ್ನು ಒಂದಿಷ್ಟೇ ಇಷ್ಟು ನುಂಗುತ್ತದೆ. ಗೇಣುದ್ದದಲ್ಲಿ ಅದು ತಿಳಿಯದು, ಮೀಟರುಗಟ್ಟಲೆ ಸಾಗಿದರೆ ನೀಲಿಯಷ್ಟೇ ಉಳಿಯುತ್ತದೆ. ನೀಲಿ ಎಂದಾಗ ಕಡಲೂ ನೆನಪಾಗುತ್ತದೆ. 1921ರಲ್ಲಿ ‘ನರ್ಕುಂಡಾ’ ಹಡಗಿನಲ್ಲಿ ಭಾರತಕ್ಕೆ ಮರಳುವಾಗ ವಿಜ್ಞಾನಿ ಸಿ.ವಿ. ರಾಮನ್ ಕಡಲಿನ ನೀಲಿಯನ್ನು ನಿಕೋಲ್ ಪಟ್ಟಕದ ಮೂಲಕ ನೋಡಿ, ಅದು ಬರೀ ಆಕಾಶದ ಪ್ರತಿಬಿಂಬವಲ್ಲ ಎಂದರು. ಆ ಪಟ್ಟಕ ಬೆಳಕಿನ ಧ್ರುವೀಕರಣವನ್ನು ಬೇರ್ಪಡಿಸುವ ಸಾಧನ. ಛಾಯಾಗ್ರಾಹಕರ ಪೋಲರೈಜಿಂಗ್ ಫಿಲ್ಟರ್ ಅದರ ತಮ್ಮ. ಮಂಜುಗಡ್ಡೆಯ ಮೇಲ್ಮೈಯ ಕಣ್ಣುಕುಕ್ಕುವ ಹೊಳಪನ್ನು ಅದು ಸುಮಾರು 53 ಡಿಗ್ರಿಯ ಓರೆಯಲ್ಲಿ ಪೂರ್ತಿ ಅಳಿಸಬಲ್ಲದು. ಅದೇ ಬಳಗದ ಮತ್ತೊಂದು ಉಪಕರಣ ಸಕ್ಕರೆ ಕಾರ್ಖಾನೆಗಳ ಪ್ರಯೋಗಾಲಯದಲ್ಲಿ ಇರುತ್ತದೆ. ಕಬ್ಬಿನ ಹಾಲನ್ನು ತಿಳಿಗೊಳಿಸಿ ಕೊಳವೆಯಲ್ಲಿ ತುಂಬಿ ಅದರ ಮೂಲಕ ಧ್ರುವೀಕೃತ ಬೆಳಕು ಹಾಯಿಸುತ್ತಾರೆ. ಸಕ್ಕರೆ ಆ ಬೆಳಕಿನ ಸಮತಲವನ್ನು ಬಲಕ್ಕೆ ತಿರುಗಿಸುತ್ತದೆ. ಎಷ್ಟು ತಿರುಗಿತೋ ಅಷ್ಟು ಸಕ್ಕರೆ. ಫ್ರಾನ್ಸಿನ ವಿಜ್ಞಾನಿ ಬಿಯೊ 1815ರಲ್ಲಿ ಕಂಡ ಈ ಗುಣವನ್ನು ಕಾರ್ಖಾನೆಯವರು ‘ಪೋಲ್’ ಎನ್ನುವ ಒಂದೇ ಮಾತಿನಲ್ಲಿ ದಿನವೂ ಬರೆದಿಡುತ್ತಾರೆ.

ಹುಣ್ಣಿಮೆಯ ಚಂದ್ರನನ್ನು ಅದೇ ಚೌಕಟ್ಟಿಗೆ ತರಬೇಕೆಂದು ನಾನು ಬಹಳ ಸಲ ಒದ್ದಾಡಿದ್ದೇನೆ. ಚಂದ್ರ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಮರಳಿಸುವುದು ಶೇಕಡಾ 12ರ ಆಸುಪಾಸು, ಹಳೆಯ ಡಾಂಬರು ರಸ್ತೆಯಷ್ಟು. ಸುತ್ತ ಕರೀ ಆಕಾಶ ಇರುವುದರಿಂದ ನಮಗೆ ಅವನು ಬಿಳಿ. ಅವನನ್ನು ಸರಿಯಾಗಿ ತೆಗೆದರೆ ಅಂಗಳ ಕತ್ತಲಾಗುತ್ತದೆ, ಅಂಗಳವನ್ನು ತೆಗೆದರೆ ಅವನೂ ಆನೆಯಂತೆ ಮುದ್ದೆಯಾಗುತ್ತಾನೆ. ಈಗ ಚಂದ್ರನನ್ನು ಚೌಕಟ್ಟಿನ ಹೊರಗೆ ಬಿಡುತ್ತೇನೆ.

ಹೋದ ಸಲದ ಹುಣ್ಣಿಮೆಯಲ್ಲಿ ತಂಗಿಯ ಮಗಳು ತಟ್ಟೆ ಹಿಡಿದಿದ್ದಳು, ತಾಯಿಯದೇ ಮೈಬಣ್ಣ. ನಾನು ಗೌರಿಯ ಪಕ್ಕಕ್ಕೆ ಕುಳಿತು, ಅಂಗೈ ಚಾಚಿ ಬೆಳಕು ಅಳೆದೆ. ಸೊಲ್ಲು ಮುಗಿಯಿತು, ಕೈ ತಡೆಯಿತು. ಆ ಫೋಟೊದಲ್ಲಿ ಆನೆಯ ಸೊಂಡಿಲು ಹೊಳೆಯುತ್ತಿದೆ, ಬೆನ್ನಿನ ಮೇಲೊಂದು ಕಡೆ ಸ್ವಲ್ಪ ಉಕ್ಕಿಹೋಗಿದೆ. ಅದನ್ನು ಹೋಗಲು ಬಿಟ್ಟೆ. ಅವಳ ಕೆನ್ನೆಯ ಮೇಲಿನ ನವಿರಾದ ಕೂದಲೂ ಕಾಣುತ್ತದೆ. ತಂಗಿ ಅದನ್ನು ಬಹಳ ಹೊತ್ತು ನೋಡಿ, ಅಚ್ಚು ಹಾಕಿಸಿ ಗೋಡೆಗೆ ಹೊಡೆಸಿದಳು.

ಹಬ್ಬ ಮುಗಿದ ಮೇಲೆ ಸಕ್ಕರೆ ಆರತಿಯನ್ನು ಒಡೆದು ಮಕ್ಕಳಿಗೆ ಹಂಚುತ್ತಾರೆ, ಉಳಿದದ್ದು ಚಹಾದ ಡಬ್ಬಿ ಸೇರುತ್ತದೆ. ಮರುದಿನ ಬೆಳಿಗ್ಗೆ ಆ ಹುಡುಗಿ ಆನೆಯನ್ನು ಹಾಗೇ ಚಹಾದ ಬಟ್ಟಲಲ್ಲಿ ನಿಲ್ಲಿಸಿದಳು. ಚಹಾ ಕಾಲಿನೊಳಗೆ ಹತ್ತಿತು. ಸಂದುಗಳಲ್ಲಿದ್ದ ಗಾಳಿಯ ಜಾಗಕ್ಕೆ ನೀರು ಬಂದೊಡನೆ ಪ್ರತಿ ಗಡಿಯ ಹಿನ್ನೆಗೆತ ಶೇಕಡಾ 5ರಿಂದ 1ಕ್ಕಿಂತ ಕೆಳಗೆ ಇಳಿಯುತ್ತದೆ. ಕರಗುವ ಮೊದಲೇ ಕಾಲು ಬಿಳುಪನ್ನು ಬಿಟ್ಟು ಮೇಣದಂತೆ ಅರೆಪಾರದರ್ಶಕವಾಯಿತು, ಆಮೇಲೆ ಮೊಳಕಾಲು, ಹೊಟ್ಟೆಯ ಅಂಚು. “ಮಾಮಾ, ಲಗೂ ಬಾ, ಆನಿ ಗಾಜಾಗಾಕತ್ತೈತಿ” ಎಂದು ಕೂಗಿದಳು. ನಾನು ಕ್ಯಾಮೆರಾ ತರುವಷ್ಟರಲ್ಲಿ ಅವಳೇ ಅವ್ವನ ಮೊಬೈಲು ಎತ್ತಿಕೊಂಡು, ಕಿಟಕಿಯ ಬೆಳಕು ಆನೆಯ ಹಿಂದಿನಿಂದ ಬರುವ ಹಾಗೆ ಬಟ್ಟಲನ್ನು ತಿರುಗಿಸುತ್ತಿದ್ದಳು.